ಸೇಫ್‌ಸರ್ಚ್ ಆಫ್ ಮಾಡೋಕೆ ಹೋದರೆ ಬೀಗದ ಗುರುತು. ಮನೆ ವೈಫೈನಲ್ಲಿ ಮಾತ್ರ ಹೀಗೇಕೆ?

ತುಂಗಾತೀರ (ಪ್ರಶ್ನೆ)

ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ಸ್ಲೈಡ್ ಮಾಡಬೇಕಿದೆ. ವಿಷಯ ಎರಡು: ಸ್ತನದ ಸ್ವಯಂ ಪರೀಕ್ಷೆ, ಮತ್ತು ತೊಡೆಸಂದಿಯಲ್ಲಿ ಬರುವ ಚರ್ಮರೋಗಗಳು. ಗೂಗಲ್ ಇಮೇಜಸ್‌ನಲ್ಲಿ ಹುಡುಕಿದರೆ ಗುಲಾಬಿ ರಿಬ್ಬನ್ನು, ಕಾರ್ಟೂನು ಬಿಟ್ಟು ಕೆಲಸಕ್ಕೆ ಬರುವ ಫೋಟೋ ಒಂದೂ ಸಿಗುತ್ತಿಲ್ಲ. ಸೇಫ್‌ಸರ್ಚ್ (ಅಶ್ಲೀಲ ಫಲಿತಾಂಶಗಳನ್ನು ಸೋಸುವ ಗೂಗಲ್‌ನ ಸೆಟ್ಟಿಂಗ್) ಆಫ್ ಮಾಡೋಣವೆಂದರೆ ಆಗುತ್ತಿಲ್ಲ. ಕಂಡದ್ದನ್ನೆಲ್ಲ ಬರೆಯುತ್ತೇನೆ:

ವಿಂಡೋಸ್ 11 ಲ್ಯಾಪ್‌ಟಾಪ್, ಕ್ರೋಮ್. ಸೇಫ್‌ಸರ್ಚ್ ಪುಟದಲ್ಲಿ ಫಿಲ್ಟರ್, ಬ್ಲರ್, ಆಫ್ ಮೂರೂ ಕಾಣುತ್ತವೆ. ಆದರೆ ಫಿಲ್ಟರ್ ಬಿಟ್ಟು ಬೇರೆಯದನ್ನು ಒತ್ತಲು ಬಿಡುವುದಿಲ್ಲ, ಬಲಗಡೆ ಮೇಲೆ ಬೀಗದ ಗುರುತಿದೆ. ಇನ್‌ಕಾಗ್ನಿಟೋದಲ್ಲೂ ಅಷ್ಟೇ, ಎಡ್ಜ್‌ನಲ್ಲೂ ಅಷ್ಟೇ. ಆಂಡ್ರಾಯ್ಡ್ ಫೋನ್ ಮನೆಯ ವೈಫೈಗೆ ಸೇರಿದಾಗ ಅದೇ ಬೀಗ. ಮೊಬೈಲ್ ಡೇಟಾಗೆ ಹೋದರೆ ಮಾಯ. ಬಿಂಗ್‌ನಲ್ಲಿ ಆಫ್ ಆರಿಸಿ ಸೇವ್ ಕೊಟ್ಟರೂ ಮತ್ತೆ ಸ್ಟ್ರಿಕ್ಟ್‌ಗೇ ಬಂದು ಕೂರುತ್ತದೆ. ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಯೂಟ್ಯೂಬ್ ವಿಡಿಯೋಗಳ ಕೆಳಗೆ ಕಾಮೆಂಟ್‌ಗಳೂ ಕಾಣುತ್ತಿಲ್ಲ.

ಗೂಗಲ್ ಖಾತೆಯಲ್ಲಿ ಹುಟ್ಟಿದ ದಿನಾಂಕ ಸರಿಯಾಗಿದೆ, ಹದಿನೆಂಟು ದಾಟಿ ಎಷ್ಟೋ ವರ್ಷವಾಯಿತು. ಕುಕೀಸ್ ಅಳಿಸಿದೆ, ಕ್ರೋಮ್ ತೆಗೆದು ಮತ್ತೆ ಹಾಕಿದೆ. ಇನ್ನೇನು ನೋಡಬೇಕು?

---

ಹಳೇ ಮೋಡೆಮ್

ಕಾಮೆಂಟ್ ಕಾಣುತ್ತಿಲ್ಲ ಅನ್ನೋದನ್ನು ಬರೆದದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅಲ್ಲೇ ಇದೆ. ಯೂಟ್ಯೂಬ್‌ನ ರಿಸ್ಟ್ರಿಕ್ಟೆಡ್ ಮೋಡ್ ಆನ್ ಆದಾಗ ಕಾಮೆಂಟ್‌ಗಳೆಲ್ಲ ಮುಚ್ಚಿಹೋಗುತ್ತವೆ. ಗೂಗಲ್, ಬಿಂಗ್, ಯೂಟ್ಯೂಬ್ ಮೂರಕ್ಕೂ ಒಂದೇ ಸಲ, ಎರಡು ಬ್ರೌಸರಿನಲ್ಲಿ, ಎರಡು ಸಾಧನದಲ್ಲಿ, ಒಂದೇ ವೈಫೈನಲ್ಲಿ ಹೀಗಾಗುತ್ತಿದೆ ಅಂದರೆ ತಪ್ಪು ನಿಮ್ಮ ಖಾತೆಯದ್ದೂ ಅಲ್ಲ, ಕ್ರೋಮ್‌ನದ್ದೂ ಅಲ್ಲ. ನಿಮ್ಮ ರೌಟರ್ ಬಳಸುತ್ತಿರುವ ಡಿಎನ್‌ಎಸ್ (ಸೈಟಿನ ಹೆಸರನ್ನು ನಂಬರಿನ ವಿಳಾಸಕ್ಕೆ ತಿರುಗಿಸುವ ಸೇವೆ) ಯಾವುದೋ 'ಫ್ಯಾಮಿಲಿ ಫಿಲ್ಟರ್' ಡಿಎನ್‌ಎಸ್.

ಅದು ಹೇಗೆ ಕೆಲಸ ಮಾಡುತ್ತದೆ ಅಂದರೆ: ಬ್ರೌಸರ್ 'ಗೂಗಲ್ ಡಾಟ್ ಕಾಮ್ ಎಲ್ಲಿದೆ' ಎಂದು ಕೇಳಿದಾಗ ಡಿಎನ್‌ಎಸ್ ಮಾಮೂಲಿ ವಿಳಾಸ ಕೊಡುವ ಬದಲು 'ಫೋರ್ಸ್‌ಸೇಫ್‌ಸರ್ಚ್ ಡಾಟ್ ಗೂಗಲ್ ಡಾಟ್ ಕಾಮ್' ಎಂಬ ಹೆಸರಿನ ವಿಳಾಸ ಕೊಡುತ್ತದೆ. ಆ ವಿಳಾಸ 216.239.38.120. ಶಾಲೆ, ಕಚೇರಿಗಳಿಗೆಂದೇ ಗೂಗಲ್ ಇದನ್ನು ಇಟ್ಟಿದೆ. ಅದೂ ಗೂಗಲ್‌ನದ್ದೇ ಸರ್ವರ್, ಸೈಟು ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್ ಸರಿಯಾಗಿಯೇ ಇರುತ್ತದೆ, ಹಾಗಾಗಿ ಬ್ರೌಸರ್ ಯಾವ ಎಚ್ಚರಿಕೆಯನ್ನೂ ತೋರಿಸುವುದಿಲ್ಲ. ಆದರೆ ಆ ಬಾಗಿಲಿನಿಂದ ಒಳಗೆ ಹೋದವರಿಗೆಲ್ಲ ಫಿಲ್ಟರ್ ಕಡ್ಡಾಯ. ನೀವು ಲಾಗಿನ್ ಆಗಿರಿ, ಬಿಡಿ, ವಯಸ್ಸು ಎಷ್ಟೇ ಇರಲಿ, ಖಾತೆಯ ಸೆಟ್ಟಿಂಗ್ ಅಲ್ಲಿ ನಡೆಯದು. ಬಿಂಗ್‌ಗೆ 'ಸ್ಟ್ರಿಕ್ಟ್ ಡಾಟ್ ಬಿಂಗ್ ಡಾಟ್ ಕಾಮ್', ಯೂಟ್ಯೂಬ್‌ಗೆ 'ರಿಸ್ಟ್ರಿಕ್ಟ್ ಡಾಟ್ ಯೂಟ್ಯೂಬ್ ಡಾಟ್ ಕಾಮ್', ಇದೇ ಉಪಾಯ. ಕುಕೀಸ್ ಅಳಿಸಿದರೆ, ಕ್ರೋಮ್ ಮತ್ತೆ ಹಾಕಿದರೆ ಏನೂ ಆಗದಿರುವುದು ಇದಕ್ಕೇ.

ಊಹೆ ಬೇಡ, ನೋಡಿಯೇ ಬಿಡಿ. ಸ್ಟಾರ್ಟ್ ಒತ್ತಿ 'ಸಿಎಂಡಿ' ತೆರೆದು ಎನ್‌ಎಸ್‌ಲುಕಪ್, ಒಂದು ಸ್ಪೇಸ್, ಆಮೇಲೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸಮೇತ ಗೂಗಲ್‌ನ ವಿಳಾಸ ಟೈಪ್ ಮಾಡಿ (ಇಂಗ್ಲಿಷ್ ಅಕ್ಷರದಲ್ಲಿ). ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಬಿಡಬೇಡಿ, ಎಷ್ಟೋ ಕಡೆ ಅದಿರುವ ಹೆಸರನ್ನು ಮಾತ್ರ ತಿರುಗಿಸಿರುತ್ತಾರೆ. ಉತ್ತರದಲ್ಲಿ ಫೋರ್ಸ್‌ಸೇಫ್‌ಸರ್ಚ್ ಎಂಬ ಹೆಸರು ಬಂದರೆ ಮುಗಿಯಿತು. ಹೆಸರು ಬಾರದೆ ಬರೀ 216.239.38.120 ಬಂದರೂ ಅರ್ಥ ಅದೇ.

ಆಮೇಲೆ ಅದೇ ಸಾಲಿನ ಕೊನೆಗೆ ಸ್ಪೇಸ್ ಕೊಟ್ಟು 8.8.8.8 ಸೇರಿಸಿ ಇನ್ನೊಮ್ಮೆ ಕೊಡಿ. ಇದು ರೌಟರನ್ನು ಬಿಟ್ಟು ನೇರವಾಗಿ ಗೂಗಲ್‌ನ ಡಿಎನ್‌ಎಸ್‌ಗೆ ಕೇಳುತ್ತದೆ. ಈಗ ಬೇರೆ ವಿಳಾಸ ಬಂದರೆ ಕೆಲಸ ಸುಲಭ. ಆಗಲೂ 216.239.38.120 ಬಂದರೆ ರೌಟರೋ ಅದರಾಚೆಯವರೋ 53ನೇ ಪೋರ್ಟಿನ (ಡಿಎನ್‌ಎಸ್ ಪ್ರಶ್ನೆಗಳು ಹೋಗುವ ದಾರಿ) ಪ್ರಶ್ನೆಗಳನ್ನೆಲ್ಲ ಹಿಡಿದು ತಮ್ಮ ಕಡೆಗೇ ತಿರುಗಿಸುತ್ತಿದ್ದಾರೆ ಅಂತ. ಎರಡೂ ಸಲ ಬಂದದ್ದನ್ನು ಇಲ್ಲಿ ಹಾಕಿ. ಮೊದಲ ಎರಡು ಸಾಲಿನಲ್ಲಿ 'ಸರ್ವರ್', 'ಅಡ್ರೆಸ್' ಅಂತ ಬರುತ್ತದಲ್ಲ, ಅದನ್ನೂ ಬಿಡಬೇಡಿ.

---

ಬೈಟು ಕಾಫಿ

ತುಂಗಾತೀರ ಅವರ ವಿಷಯದಲ್ಲಿ ಮೇಲಿನದ್ದೇ ಸರಿ ಇರಬೇಕು. ಆದರೆ ಇದೇ ಬೀಗ ಕಂಡು ಇಲ್ಲಿಗೆ ಬರುವ ಬೇರೆಯವರಿಗೆ ಕಾರಣ ಬೇರೆ ಇರಬಹುದು, ಅದನ್ನೂ ಬರೆದಿಡುತ್ತೇನೆ.

ಮೊದಲು ಬೀಗವನ್ನೇ ಓದಿ. ಸೇಫ್‌ಸರ್ಚ್ ಪುಟದಲ್ಲಿ ಬೀಗದ ಜೊತೆಗೆ ಇದನ್ನು ನಿಯಂತ್ರಿಸುತ್ತಿರುವುದು ಯಾರು ಎಂಬ ಮಾಹಿತಿಯೂ ಇರುತ್ತದೆ. ಎಷ್ಟೋ ಜನ ಅದನ್ನು ನೋಡದೆ ಮೂರು ದಿನ ಒದ್ದಾಡುತ್ತಾರೆ.

ವೈಫೈ ಬದಲಿಸಿದರೂ ಬೀಗ ಹಿಂದೆಯೇ ಬರುತ್ತಿದ್ದರೆ ಖಾತೆ ಅಥವಾ ಸಾಧನ. ಖಾತೆ ಫ್ಯಾಮಿಲಿ ಲಿಂಕ್‌ನ (ಮಕ್ಕಳ ಖಾತೆ ನೋಡಿಕೊಳ್ಳುವ ಗೂಗಲ್‌ನ ಆ್ಯಪ್) ಅಡಿಯಲ್ಲಿದ್ದರೆ ತೆಗೆಯಬೇಕಾದವರು ತಂದೆ ತಾಯಿ, ಅವರ ಫೋನಿನ ಆ್ಯಪ್‌ನಿಂದ. ಶಾಲೆ, ಕಾಲೇಜು, ಕಂಪನಿ ಕೊಟ್ಟ ಖಾತೆಯಾದರೆ ಅಡ್ಮಿನ್. ನಿಮ್ಮದೇ ಸ್ವಂತ ಲ್ಯಾಪ್‌ಟಾಪಿನಲ್ಲಿ ಕಚೇರಿ ಖಾತೆಯಿಂದ ಕ್ರೋಮ್‌ಗೆ ಸೈನ್ ಇನ್ ಆಗಿದ್ದರೂ ಅಲ್ಲಿಯ ನಿಯಮ ಇಲ್ಲಿಗೆ ಇಳಿದು ಬರುತ್ತದೆ. ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡು ಸ್ವಂತ ಜಿಮೇಲ್ ಹಾಕಿದರೆ ಬೇರ್ಪಡುತ್ತದೆ.

ಒಂದೇ ಕಂಪ್ಯೂಟರಿನಲ್ಲಿ, ಎಲ್ಲ ವೈಫೈನಲ್ಲೂ, ಯಾವ ಖಾತೆಯಲ್ಲೂ ಬೀಗ ಇದ್ದರೆ ಕ್ರೋಮ್‌ನ ಮೂರು ಚುಕ್ಕಿಯ ಮೆನು ತೆರೆದು ಕೆಳತುದಿ ನೋಡಿ. 'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬರ್ಥದ ಸಾಲು ಇದ್ದರೆ ವಿಳಾಸದ ಪಟ್ಟಿಯಲ್ಲಿ 'ಕ್ರೋಮ್', ಕೋಲನ್, ಎರಡು ಓರೆಗೆರೆ, 'ಪಾಲಿಸಿ' ಎಂದು ಕೊಡಿ. ಪಟ್ಟಿಯಲ್ಲಿ 'ಫೋರ್ಸ್ ಗೂಗಲ್ ಸೇಫ್‌ಸರ್ಚ್' ಅನ್ನುವುದು ಸಿಕ್ಕರೆ ಅದೇ ಕಳ್ಳ. ಅದು ವಿಂಡೋಸ್‌ನ ಸೆಟ್ಟಿಂಗ್ ಭಂಡಾರವಾದ ರಿಜಿಸ್ಟ್ರಿಯಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ದಾರಿಯಲ್ಲಿ ಕೂತಿರುತ್ತದೆ. ಕಂಪನಿಯ ಕಂಪ್ಯೂಟರಾದರೆ ಕೈ ಹಾಕಬೇಡಿ. ಸ್ವಂತದ್ದಾಗಿದ್ದು, ನೀವು ಹಾಕಿಲ್ಲವೆಂದರೆ, ಯಾವುದೋ ಆಂಟಿವೈರಸ್‌ನ ಪೇರೆಂಟಲ್ ಕಂಟ್ರೋಲ್ ಅಥವಾ ಬೇಡದ ಎಕ್ಸ್‌ಟೆನ್ಷನ್ ಹಾಕಿರುತ್ತದೆ. ಮೊದಲು ಅದನ್ನು ತೆಗೆಯಿರಿ. ರಿಜಿಸ್ಟ್ರಿ ಸಾಲನ್ನು ಮಾತ್ರ ಅಳಿಸಿದರೆ ಅಳಿಸಿದ್ದು ಮತ್ತೆ ಹುಟ್ಟಿಕೊಳ್ಳುತ್ತದೆ.

ಆಂಟಿವೈರಸ್ ಇನ್ನೊಂದು ರೀತಿಯಲ್ಲೂ ಮಾಡಬಲ್ಲದು. ಡಿಎನ್‌ಎಸ್ ಮುಟ್ಟದೆ, ನಡುವೆ ಕೂತು ಪ್ರತಿ ಹುಡುಕಾಟದ ವಿಳಾಸಕ್ಕೆ 'ಸೇಫ್ ಈಕ್ವಲ್ ಆಕ್ಟಿವ್' ಎಂಬ ಬಾಲ ಅಂಟಿಸುತ್ತದೆ. ಗೂಗಲ್ ಪುಟದ ಸರ್ಟಿಫಿಕೇಟ್ ತೆರೆದು ನೋಡಿ: ಕೊಟ್ಟವರು 'ಗೂಗಲ್ ಟ್ರಸ್ಟ್ ಸರ್ವೀಸಸ್' ಆಗಿರಬೇಕು. ಅಲ್ಲಿ ಆಂಟಿವೈರಸ್‌ನ ಹೆಸರು ಇದ್ದರೆ ಯಾರು ನಡುವೆ ಕೂತಿದ್ದಾರೆಂದು ಗೊತ್ತಾಯಿತು.

ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ವೆಬ್ ಕಂಟೆಂಟ್ ನೋಡಿ. 'ಲಿಮಿಟ್ ಅಡಲ್ಟ್ ವೆಬ್‌ಸೈಟ್ಸ್' ಆನ್ ಇದ್ದರೆ ಸಫಾರಿಯಲ್ಲಿ ಪ್ರೈವೇಟ್ ಟ್ಯಾಬ್ ಕೂಡ ಮಾಯವಾಗಿರುತ್ತದೆ, ಅದೇ ಗುರುತು.

ಬೀಗವೇ ಇಲ್ಲದೆ, ಆಫ್ ಮಾಡಿದ್ದು ಮಾತ್ರ ಮರುದಿನ ಹಿಂದಕ್ಕೆ ಬರುತ್ತಿದ್ದರೆ ಇಷ್ಟೆಲ್ಲ ಬೇಡ. ಲಾಗಿನ್ ಆಗದಿದ್ದಾಗ ಈ ಆಯ್ಕೆ ಕುಕೀಯಲ್ಲಿ ಉಳಿಯುತ್ತದೆ. ಬ್ರೌಸರ್ ಮುಚ್ಚುವಾಗ ಕುಕೀಸ್ ಅಳಿಸುವ ಸೆಟ್ಟಿಂಗ್ ಇದ್ದರೆ, ಅಥವಾ ಇನ್‌ಕಾಗ್ನಿಟೋ ಆದರೆ, ಪ್ರತಿ ಸಲ ಹೊಸದಾಗಿ ಶುರು.

---

ತುಂಗಾತೀರ

ಹಳೇ ಮೋಡೆಮ್ ಅವರೇ, ಬಂದದ್ದು ಹೀಗಿದೆ.

ಮೊದಲ ಸಲ: ಸರ್ವರ್ ಅಡ್ರೆಸ್ 192.168.1.1. ಉತ್ತರ 216.239.38.120, ಹೆಸರು ಫೋರ್ಸ್‌ಸೇಫ್‌ಸರ್ಚ್.
8.8.8.8 ಸೇರಿಸಿದಾಗ: ಬೇರೆ ವಿಳಾಸ, ಫೋರ್ಸ್‌ಸೇಫ್‌ಸರ್ಚ್ ಇಲ್ಲ.

ರೌಟರ್ ಪುಟ ತೆರೆದು ನೋಡಿದೆ. ಡಿಎನ್‌ಎಸ್ ಜಾಗದಲ್ಲಿ 185.228.168.168 ಮತ್ತು 185.228.169.168 ಇವೆ. ಮಕ್ಕಳ ಟ್ಯಾಬ್ ತಂದಾಗ ಮನೆಯವರು ಹಾಕಿಸಿದ್ದಂತೆ. ಅದನ್ನು ತೆಗೆದುಬಿಡಲೇ? ಟ್ಯಾಬ್‌ಗೆ ಫಿಲ್ಟರ್ ಇರಬೇಕು ಅನ್ನುತ್ತಿದ್ದಾರೆ.

---

ಹುಬ್ಬಳ್ಳಿ ಜಂಕ್ಷನ್

ತೆಗೀಬ್ಯಾಡ್ರಿ. ಆ ನಂಬರ್ ಕ್ಲೀನ್‌ಬ್ರೌಸಿಂಗ್‌ದವರ ಫ್ಯಾಮಿಲಿ ಫಿಲ್ಟರ್‌ದು, ಮಕ್ಕಳಿರೋ ಮನಿಗೆ ಛಲೋ ಅದ. ಬರೀ ಹುಡುಕಾಟ ಅಷ್ಟ ಅಲ್ಲ, ಅಡಲ್ಟ್ ಸೈಟು, ವಿಪಿಎನ್, ಪ್ರಾಕ್ಸಿ ಸೈಟುನೂ ಬಂದ್ ಮಾಡ್ತದ. ರೆಡಿಟ್‌ನೂ ತೆರೆಯೂದಿಲ್ಲ ನೋಡ್ರಿ ಅದರಾಗ, ಯಾಕಂದ್ರ ಎಲ್ಲಾ ಥರದ್ದೂ ಅಲ್ಲಿ ಕಲಸಿರ್ತದ.

ರೌಟರ್ ಹಂಗ ಇರಲಿ. ನಿಮ್ಮ ಲ್ಯಾಪ್‌ಟಾಪ್ ಒಂದಕ್ಕ ಬ್ಯಾರೆ ಡಿಎನ್‌ಎಸ್ ಕೊಡ್ರಿ ಸಾಕು. 8.8.8.8 ಕೇಳಿದಾಗ ಬ್ಯಾರೆ ಉತ್ತರ ಬಂತಲ್ಲ, ಅಂದ್ರ ನಡುವ ಯಾರೂ ಹಿಡಕೊಂಡು ಕೂತಿಲ್ಲ, ಕೆಲಸ ಆಗ್ತದ.

ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ. ಅಲ್ಲಿ ಎರಡು ಪ್ರಾಪರ್ಟೀಸ್ ಕಾಣ್ತಾವ. ಒಂದು ನಿಮ್ಮ ವೈಫೈ ಹೆಸರಿಂದು, ಇನ್ನೊಂದು ಹಾರ್ಡ್‌ವೇರ್ ಪ್ರಾಪರ್ಟೀಸ್. ಹೆಸರಿಂದು ತೆಗೀರಿ. ಹಾರ್ಡ್‌ವೇರ್‌ದಾಗ ಹಾಕಿದ್ರ ಹೋದಲ್ಲೆಲ್ಲಾ ಅದ ಡಿಎನ್‌ಎಸ್ ಹಿಂದ ಬರ್ತದ, ಆಮೇಲೆ ಆಫೀಸಿನ ಒಳಗಿನ ಸೈಟು ತೆರೀವಲ್ದು ಅಂತ ಕೂಡ್ತೀರಿ. 'ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್' ಮುಂದ ಎಡಿಟ್ ಒತ್ತಿ, ಆಟೋಮ್ಯಾಟಿಕ್ ತೆಗೆದು ಮ್ಯಾನ್ಯುವಲ್ ಮಾಡಿ, ಐಪಿವಿ4 ಆನ್. ಪ್ರಿಫರ್ಡ್ 8.8.8.8, ಆಲ್ಟರ್ನೇಟ್ 8.8.4.4. ಇಲ್ಲಾ 1.1.1.1 ಮತ್ತ 1.0.0.1 ಹಾಕ್ರಿ. ಸೇವ್.

ಒಂದು ಮಾತು: ಮ್ಯಾಲೆ 8.8.8.8, ಕೆಳಗ ಹಳೇ 185 ನಂಬರ್ ಅಂತ ಕಲಸಬ್ಯಾಡ್ರಿ. ಬಾಳ ಮಂದಿ 'ಬ್ಯಾಕಪ್ ಇರ್ಲಿ' ಅಂತ ಹಂಗ ಮಾಡ್ತಾರ. ಮೊದಲನೇದು ಒಂದ್ ಸಲ ತಡ ಮಾಡಿದ್ರ ಸಾಕು, ಎರಡನೇದಕ್ಕ ಕೇಳ್ತದ, ಮುಂಜಾನಿ ಬೀಗ ಇಲ್ಲ, ಸಂಜಿಗೆ ಬೀಗ. 1.1.1.3 ಸುದ್ದಾ ಬ್ಯಾಡ, ಅದು ಕ್ಲೌಡ್‌ಫ್ಲೇರ್‌ದವರ ಫ್ಯಾಮಿಲಿ ನಂಬರ್, ಕೊನೇ ಅಂಕಿ ನೋಡಿ ಹಾಕ್ರಿ.

---

ತುಂಗಾತೀರ

ಹೆಸರಿನ ಪ್ರಾಪರ್ಟೀಸ್‌ನಲ್ಲೇ ಹಾಕಿದೆ, 8.8.8.8 ಮತ್ತು 8.8.4.4. ಲ್ಯಾಪ್‌ಟಾಪ್ ರೀಸ್ಟಾರ್ಟ್ ಕೂಡ ಮಾಡಿದೆ. ಬೀಗ ಹಾಗೇ ಇದೆ. ಈಗ ಎನ್‌ಎಸ್‌ಲುಕಪ್ ಕೊಟ್ಟರೆ ಸರ್ವರ್ ಅಡ್ರೆಸ್ ಜಾಗದಲ್ಲಿ 192.168.1.1 ಇಲ್ಲ, ಬದಲಿಗೆ 'ಎಫ್‌ಇ80::1' ಎಂದು ಬರುತ್ತಿದೆ. ಉತ್ತರ ಅದೇ 216.239.38.120.

---

ಹಳೇ ಮೋಡೆಮ್

ಎಫ್‌ಇ80 ಅಂದರೆ ನಿಮ್ಮ ರೌಟರೇ, ಐಪಿವಿ6 ವೇಷದಲ್ಲಿ. ಮುಂಬಾಗಿಲು ಬದಲಿಸಿದಿರಿ, ಹಿತ್ತಲ ಬಾಗಿಲು ಹಾಗೇ ಇದೆ.

ಈಗಿನ ಫೈಬರ್ ಸಂಪರ್ಕಗಳಲ್ಲಿ ಐಪಿವಿ4 ಮತ್ತು ಐಪಿವಿ6 (ಇಂಟರ್ನೆಟ್ ವಿಳಾಸದ ಹಳೆಯ ಮತ್ತು ಹೊಸ ಪದ್ಧತಿ) ಜೊತೆಜೊತೆಗೇ ಓಡುತ್ತಿರುತ್ತವೆ. ರೌಟರ್ ಎರಡರಲ್ಲೂ 'ಡಿಎನ್‌ಎಸ್ ನಾನೇ' ಎಂದು ಸಾರುತ್ತದೆ. ನೀವು ಐಪಿವಿ4ಗೆ ಮಾತ್ರ ಕೈಯಾರೆ ಹಾಕಿದಿರಿ. ವಿಂಡೋಸ್ ಐಪಿವಿ6 ದಾರಿಯಲ್ಲಿ ರೌಟರನ್ನೇ ಕೇಳಿತು, ರೌಟರ್ ಕ್ಲೀನ್‌ಬ್ರೌಸಿಂಗನ್ನು ಕೇಳಿತು.

ಅದೇ ಎಡಿಟ್ ಪೆಟ್ಟಿಗೆಯಲ್ಲಿ ಕೆಳಗೆ ಐಪಿವಿ6 ಆನ್ ಮಾಡಿ: ಪ್ರಿಫರ್ಡ್ 2001:4860:4860::8888, ಆಲ್ಟರ್ನೇಟ್ 2001:4860:4860::8844. ನಡುವಿನ ಎರಡು ಕೋಲನ್ ಒಟ್ಟಿಗೇ ಇರಬೇಕು. ಐಪಿವಿ6 ಅನ್ನೇ ಆಫ್ ಮಾಡಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಎರಡು ನಂಬರ್ ಹಾಕಿದರೆ ಆಗುವ ಕೆಲಸಕ್ಕೆ ರಸ್ತೆಯನ್ನೇ ಅಗೆಯುವುದು ಯಾಕೆ.

ಸೇವ್ ಆದ ಮೇಲೆ ಸಿಎಂಡಿಯಲ್ಲಿ 'ಐಪಿಕಾನ್ಫಿಗ್', ಸ್ಪೇಸ್, ಓರೆಗೆರೆ, 'ಫ್ಲಶ್‌ಡಿಎನ್‌ಎಸ್' ಕೊಡಿ. ನಂತರ ಮತ್ತೆ ಎನ್‌ಎಸ್‌ಲುಕಪ್. ಅದರಲ್ಲಿ ಸರಿ ಬಂದು ಕ್ರೋಮ್‌ನಲ್ಲಿ ಮಾತ್ರ ಬೀಗ ಉಳಿದಿದ್ದರೆ ಗಾಬರಿಯಾಗಬೇಡಿ. ಕ್ರೋಮ್ ಹಳೆಯ ಸಂಪರ್ಕವನ್ನು ಕಡಿಯದೆ ಅದರಲ್ಲೇ ಮಾತಾಡುತ್ತಿರುತ್ತದೆ. 'ಕ್ರೋಮ್', ಕೋಲನ್, ಎರಡು ಓರೆಗೆರೆ, 'ನೆಟ್-ಇಂಟರ್ನಲ್ಸ್' ತೆರೆದು ಎಡಗಡೆ ಡಿಎನ್‌ಎಸ್‌ನಲ್ಲಿ 'ಕ್ಲಿಯರ್ ಹೋಸ್ಟ್ ಕ್ಯಾಶ್', ಸಾಕೆಟ್ಸ್‌ನಲ್ಲಿ 'ಫ್ಲಶ್ ಸಾಕೆಟ್ ಪೂಲ್ಸ್' ಒತ್ತಿ. ಇಲ್ಲವೇ ಕ್ರೋಮ್ ಪೂರ್ತಿ ಮುಚ್ಚಿ ತೆರೆಯಿರಿ. ಪೂರ್ತಿ ಅಂದರೆ ಗಡಿಯಾರದ ಪಕ್ಕದ ಚಿಕ್ಕ ಐಕಾನ್‌ಗಳಲ್ಲಿ ಕೂತಿದ್ದರೆ ಅಲ್ಲಿಂದಲೂ.

ಇಷ್ಟಾದರೂ ಆಗಲಿಲ್ಲವೆಂದರೆ ಹೋಸ್ಟ್ಸ್ ಫೈಲ್ (ಕಂಪ್ಯೂಟರಿನೊಳಗೇ ಇರುವ ಹೆಸರು-ವಿಳಾಸದ ಪಟ್ಟಿ) ನೋಡಬೇಕು: ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ, ಅಲ್ಲಿ 'ಹೋಸ್ಟ್ಸ್'. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 216.239.38.120 ಇರುವ ಸಾಲು ಇದೆಯೇ ನೋಡಿ. ನಿಮ್ಮದರಲ್ಲಿ ಇರಲಾರದು, ಫೋನಿನಲ್ಲೂ ಬೀಗ ಬಂತಲ್ಲ.

ಫೈರ್‌ಫಾಕ್ಸ್ ಬಳಸುವವರಿಗೆ ಒಂದು ವಿಚಿತ್ರ: ಅದರ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಡಿಎನ್‌ಎಸ್ ಪ್ರಶ್ನೆಗಳನ್ನು ಗುಪ್ತವಾಗಿ ಕಳಿಸುವ ವ್ಯವಸ್ಥೆ) ಅನ್ನು ಡೀಫಾಲ್ಟ್ ಮಟ್ಟದಲ್ಲಿ ಬಿಟ್ಟಿದ್ದರೆ, ನೆಟ್‌ವರ್ಕ್‌ನಲ್ಲಿ ಸೇಫ್‌ಸರ್ಚ್ ಕಡ್ಡಾಯ ಮಾಡಿದ್ದನ್ನು ಫೈರ್‌ಫಾಕ್ಸ್ ತಾನೇ ಪತ್ತೆ ಹಚ್ಚಿ ಹಿಂದೆ ಸರಿಯುತ್ತದೆ. 'ಆನ್ ಇದ್ದರೂ ಕೆಲಸ ಮಾಡುತ್ತಿಲ್ಲ' ಎಂಬ ದೂರಿಗೆ ಕಾರಣ ಅದು. ದೋಷವಲ್ಲ, ಬೇಕೆಂದೇ ಮಾಡಿದ್ದು.

---

ಮಸೂರ

ತಾಂತ್ರಿಕವಾಗಿ ಎಲ್ಲ ಸರಿ. ಆದರೆ ಕೇಳಿದ ಕೆಲಸಕ್ಕೆ ಆಫ್ ಬೇಕೇ?

ಮೂರು ಆಯ್ಕೆಗಳಲ್ಲಿ ಬ್ಲರ್ 2023ರಲ್ಲಿ ಬಂದದ್ದು. ಅದರಲ್ಲಿ ಅಶ್ಲೀಲವೆಂದು ಗೂಗಲ್‌ಗೆ ಕಂಡ ಚಿತ್ರ ಮಸುಕಾಗಿ ಬರುತ್ತದೆ, ಆದರೆ ಫಲಿತಾಂಶದಿಂದ ಮಾಯವಾಗುವುದಿಲ್ಲ. ಬೇಕಾದ ಚಿತ್ರದ ಮೇಲೆ ಒತ್ತಿ ತೆರೆದು ನೋಡಬಹುದು. ಪಠ್ಯ, ಲಿಂಕುಗಳು ಹಾಗೇ ಇರುತ್ತವೆ. ಫಿಲ್ಟರ್‌ನಲ್ಲಿ ಮಾತ್ರ ಚಿತ್ರವೂ ಇಲ್ಲ, ಲಿಂಕೂ ಇಲ್ಲ. ತರಬೇತಿಯ ಕೋಣೆಯಲ್ಲಿ ಪ್ರೊಜೆಕ್ಟರ್ ಹಚ್ಚಿಕೊಂಡು ಹುಡುಕುವ ಸಂದರ್ಭ ಬಂದರೆ ಬ್ಲರ್ ನಿಮ್ಮ ಮಾನ ಉಳಿಸುತ್ತದೆ. ನಾನಾದರೆ ಅದನ್ನೇ ಇಡುತ್ತೇನೆ.

ಇನ್ನು ಆಫ್ ಮಾಡಿದೊಡನೆ ಎಲ್ಲವೂ ಸುರಿಯುತ್ತದೆ ಅನ್ನುವುದೂ ತಪ್ಪು. 2012ರ ಡಿಸೆಂಬರಿನಲ್ಲಿ ಗೂಗಲ್ ಚಿತ್ರ ಹುಡುಕಾಟದ ಲೆಕ್ಕ ಬದಲಿಸಿತು. ಅಂದಿನಿಂದ, ಹುಡುಕುವ ಪದವೇ ಸ್ಪಷ್ಟವಾಗಿ ಅಂಥದ್ದನ್ನು ಕೇಳದಿದ್ದರೆ, ಫಿಲ್ಟರ್ ಇಲ್ಲದಿದ್ದರೂ ಅಂಥ ಚಿತ್ರ ಮೇಲೆ ಬರುವುದಿಲ್ಲ. ಹಾಗಾಗಿ ಬೀಗ ಹೋದ ಮೇಲೂ 'ಸ್ತನ ಕ್ಯಾನ್ಸರ್' ಎಂದು ಹುಡುಕಿದರೆ ಗುಲಾಬಿ ರಿಬ್ಬನ್ನೇ ಬರುತ್ತದೆ. ಅದು ಫಿಲ್ಟರ್ ಅಲ್ಲ, ಪದದ ತಪ್ಪು. ಲಕ್ಷಣದ ಹೆಸರು ಹಿಡಿದು ಹುಡುಕಿ: ಚರ್ಮ ಕಿತ್ತಳೆ ಸಿಪ್ಪೆಯಂತೆ ಆಗುವುದಕ್ಕೆ ವೈದ್ಯರು 'ಪೋ ಡೋರಾಂಜ್' ಎನ್ನುತ್ತಾರೆ, ತೊಟ್ಟು ಒಳಗೆ ಎಳೆದುಕೊಳ್ಳುವುದು 'ನಿಪಲ್ ರಿಟ್ರಾಕ್ಷನ್', ತೊಟ್ಟಿನ ಸುತ್ತ ಕಜ್ಜಿಯಂತೆ ಕಾಣುವುದು 'ಪ್ಯಾಜೆಟ್ಸ್ ಡಿಸೀಸ್'. ತೊಡೆಸಂದಿಯ ಹುಳುಕಡ್ಡಿಗೆ 'ಟಿನಿಯಾ ಕ್ರೂರಿಸ್'. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಆಸ್ಪತ್ರೆಯ ಫೋಟೋಗಳು ಸಿಗುತ್ತವೆ.

ಚರ್ಮರೋಗಕ್ಕಂತೂ ಗೂಗಲ್ ಯಾಕೆ? ನ್ಯೂಜಿಲೆಂಡಿನ ಡರ್ಮ್‌ನೆಟ್ ಇದೆ, ರೋಗದ ಹೆಸರಿನ ಪ್ರಕಾರ ಜೋಡಿಸಿಟ್ಟ ಸಾವಿರಾರು ಚಿತ್ರಗಳು. ನೇರವಾಗಿ ಆ ಸೈಟಿಗೆ ಹೋದರೆ ಸೇಫ್‌ಸರ್ಚ್ ನಡುವೆ ಬರುವುದೇ ಇಲ್ಲ. ಮರುಬಳಕೆಯ ಷರತ್ತನ್ನು ಅಲ್ಲೇ ಓದಿಕೊಳ್ಳಿ. ವಿಕಿಮೀಡಿಯಾ ಕಾಮನ್ಸ್ ಕೂಡ ಹಾಗೇ, ಪ್ರತಿ ಚಿತ್ರದ ಕೆಳಗೆ ಪರವಾನಗಿ ಬರೆದಿರುತ್ತದೆ. ಸ್ಲೈಡಿಗೆ ಹಾಕುವುದಾದರೆ ಫೋಟೋ ಸಿಗುವುದಕ್ಕಿಂತ ಈ ಸಾಲು ಮುಖ್ಯ. ಚರ್ಮರೋಗದ ಚಿತ್ರ ಆರಿಸುವಾಗ ಇನ್ನೊಂದು: ಪಠ್ಯಪುಸ್ತಕದ ಹೆಚ್ಚಿನ ಫೋಟೋಗಳು ಬಿಳಿ ಚರ್ಮದವು. ನಮ್ಮ ಮೈಬಣ್ಣದಲ್ಲಿ ಕೆಂಪು ಕೆಂಪಾಗಿ ಕಾಣದೆ ಕಂದು, ನೇರಳೆ, ಕಪ್ಪಾಗಿ ಕಾಣುತ್ತದೆ. 'ಸ್ಕಿನ್ ಆಫ್ ಕಲರ್' ಎಂದು ಸೇರಿಸಿ ಹುಡುಕಿ, ಇಲ್ಲದಿದ್ದರೆ ಕಾರ್ಯಕರ್ತೆಯರು ಸ್ಲೈಡಿನಲ್ಲಿ ಒಂದು ನೋಡಿ ಊರಿನಲ್ಲಿ ಇನ್ನೊಂದು ನೋಡುತ್ತಾರೆ.

---

ಪಾಪದ ಹುಡುಗ

ಆಫ್ ಮಾಡಿದೆ, ಆದ್ರೂ ಕೆಲವು ಸೈಟ್ ಓಪನ್ ಆಗ್ತಿಲ್ಲ. ಅದಕ್ಕೂ ಇದೇ ಸ್ಟೆಪ್ಪಾ?

---

ಬೈಟು ಕಾಫಿ

ಅಲ್ಲ. ಸೇಫ್‌ಸರ್ಚ್ ಹುಡುಕಾಟದ ಫಲಿತಾಂಶವನ್ನು ಸೋಸುತ್ತದೆ ಅಷ್ಟೇ, ಸೈಟನ್ನು ಮುಚ್ಚುವುದಿಲ್ಲ. ನೀವು ಹೇಳುತ್ತಿರುವುದು ದೂರಸಂಪರ್ಕ ಇಲಾಖೆಯ ಆದೇಶದಂತೆ ಇಂಟರ್ನೆಟ್ ಕಂಪನಿಗಳು ಮಾಡಿದ ಬ್ಲಾಕ್ ಇರಬೇಕು. 2015ರ ಜುಲೈನಲ್ಲಿ 857 ಸೈಟುಗಳ ಪಟ್ಟಿ ಬಂತು, ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಸಡಿಲವಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ನಂತರ 827 ಸೈಟುಗಳನ್ನು ಮುಚ್ಚಿಸಿದರು. ಅದಕ್ಕೂ ಈ ಸೆಟ್ಟಿಂಗ್‌ಗೂ ಸಂಬಂಧವಿಲ್ಲ, ಅದನ್ನು ದಾಟುವ ದಾರಿ ಈ ಎಳೆಯಲ್ಲಿ ಬೇಡ. ಹಾಗೇ, ಫಿಲ್ಟರ್ ಆಫ್ ಇದ್ದ ಮಾತ್ರಕ್ಕೆ ಕಾಯ್ದೆ ಆಫ್ ಆಗುವುದಿಲ್ಲ: ಮಕ್ಕಳ ಲೈಂಗಿಕ ದೃಶ್ಯಗಳನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದೆಲ್ಲ ಐಟಿ ಕಾಯ್ದೆಯ 67ಬಿ ಅಡಿಯಲ್ಲಿ ಅಪರಾಧ. ಇನ್ನು ನಿಮ್ಮದು ಹಾಸ್ಟೆಲ್ ವೈಫೈ ಆಗಿದ್ದರೆ, ಅಲ್ಲಿಯ ಅಡ್ಮಿನ್‌ಗೆ ಯಾವ ಸಾಧನ ಯಾವ ಡಿಎನ್‌ಎಸ್ ಕೇಳಿತೆಂದು ಕಾಣುವ ಸಾಧ್ಯತೆ ಇದೆ, ಅದು ನೆನಪಿರಲಿ.

---

ತುಂಗಾತೀರ

ಐಪಿವಿ6 ನಂಬರ್ ಹಾಕಿದ ಮೇಲೆ ಎನ್‌ಎಸ್‌ಲುಕಪ್ ಸರಿಯಾಯಿತು, ಆದರೂ ಕ್ರೋಮ್‌ನಲ್ಲಿ ಬೀಗ ಉಳಿದಿತ್ತು. ಸಾಕೆಟ್ ಫ್ಲಶ್ ಮಾಡಿದೊಡನೆ ಹೋಯಿತು. ಯೂಟ್ಯೂಬ್ ಕಾಮೆಂಟೂ ಬಂದವು. ಮಸೂರ ಅವರು ಹೇಳಿದಂತೆ ಬ್ಲರ್‌ನಲ್ಲೇ ಇಟ್ಟಿದ್ದೇನೆ, ಡರ್ಮ್‌ನೆಟ್‌ನಲ್ಲಿ ಬೇಕಾದದ್ದು ಸಿಕ್ಕಿತು.

ಎರಡು ಉಳಿದಿವೆ. ಬಿಂಗ್ ಈಗ ಸ್ಟ್ರಿಕ್ಟ್ ಬಿಟ್ಟು ಮಾಡರೇಟ್‌ನಲ್ಲಿ ನಿಂತಿದೆ, ಅದು ಸರಿಯೇ? ಮತ್ತೆ, ಟ್ಯಾಬ್ ಅನ್ನು ಅಜ್ಜಿ ಮನೆಗೆ ಒಯ್ದಾಗ ಈ ಫಿಲ್ಟರ್ ಇರುವುದಿಲ್ಲ ಅಲ್ಲವೇ?

---

ಹುಬ್ಬಳ್ಳಿ ಜಂಕ್ಷನ್

ಬಿಂಗ್‌ದು ಡೀಫಾಲ್ಟ್ ಮಾಡರೇಟ್‌ನ. ಚಿತ್ರ, ವಿಡಿಯೋ ಸೋಸ್ತದ, ಬರಹ ಬಿಡ್ತದ. ಬೇಕಂದ್ರ ಆಫ್ ಒತ್ರಿ, ವಯಸ್ಸಿನ ಬಗ್ಗೆ ಕೇಳ್ತದ, ಹೂಂ ಅಂದ್ರ ಆತು. ಡಕ್‌ಡಕ್‌ಗೋದಾಗೂ ಸ್ಟ್ರಿಕ್ಟ್, ಮಾಡರೇಟ್, ಆಫ್ ಅಂತ ಮೂರು ಅದಾವ. ಅಲ್ಲಿ ಸೆಟ್ಟಿಂಗ್ ಮುಟ್ಟದ ಒಂದ ಸಲಕ್ಕ ಬೇಕಾದ್ರ ಹುಡುಕೋ ಪದದ ಸಂಗಾಟ ಆಶ್ಚರ್ಯಸೂಚಕ ಚಿಹ್ನೆ ಹಚ್ಚಿ 'ಸೇಫ್ಆಫ್' ಬರದ್ರ ಸಾಕು, ನಡುವ ಸ್ಪೇಸ್ ಬ್ಯಾಡ.

ಟ್ಯಾಬ್: ಖರೆ ಹೇಳಿದ್ರಿ, ರೌಟರ್ ಫಿಲ್ಟರ್ ಮನಿ ಹೊಸ್ತಿಲ ದಾಟೂದಿಲ್ಲ. ಟ್ಯಾಬ್‌ದಾಗ ಹಾಕ್ರಿ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಿದ್ರ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಪ್ರೈವೇಟ್ ಡಿಎನ್‌ಎಸ್. ಸ್ಯಾಮ್‌ಸಂಗ್ ಆದ್ರ ಕನೆಕ್ಷನ್ಸ್ ಒಳಗ ಮೋರ್ ಕನೆಕ್ಷನ್ ಸೆಟ್ಟಿಂಗ್ಸ್ ಅಂತ ಇರ್ತದ. ಅಲ್ಲಿ ನಂಬರ್ ತಗೊಳ್ಳೂದಿಲ್ಲ, ಹೆಸರ ಬೇಕು: 'ಫ್ಯಾಮಿಲಿ-ಫಿಲ್ಟರ್-ಡಿಎನ್‌ಎಸ್ ಡಾಟ್ ಕ್ಲೀನ್‌ಬ್ರೌಸಿಂಗ್ ಡಾಟ್ ಆರ್ಗ್', ಇಂಗ್ಲಿಷ್‌ದಾಗ, ಎರಡು ಅಡ್ಡಗೆರಿ ಸಮೇತ. ವೈಫೈ ಇರಲಿ, ಸಿಮ್ ಡೇಟಾ ಇರಲಿ, ಎಲ್ಲಾ ಕಡೆ ನಡೀತದ. ಹೆಸರಿನಾಗ ಒಂದಕ್ಷರ ತಪ್ಪಿದ್ರ ಟ್ಯಾಬ್ ವೈಫೈಗೆ ಸೇರ್ತದ, ಆದ್ರ ಒಂದು ಸೈಟೂ ತೆರೆಯೂದಿಲ್ಲ. ಆವಾಗ ರೌಟರಿಗೆ ಬೈಯ್ಯದ ಮೊದಲ ಇಲ್ಲಿ ಬಂದು ನೋಡ್ರಿ. ಹೋಟೆಲ್, ರೈಲ್ವೆ ಸ್ಟೇಷನ್‌ದ ಓಟಿಪಿ ಕೇಳೋ ವೈಫೈದಾಗೂ ಲಾಗಿನ್ ಪುಟ ಬರದ ಇರಬಹುದು, ಆಗ ಸ್ವಲ್ಪ ಹೊತ್ತು ಆಟೋಮ್ಯಾಟಿಕ್ ಮಾಡಿ ಒಳಗ ಹೋಗಿ, ಆಮೇಲೆ ತಿರುಗಿ ಹಾಕ್ರಿ.

ಹುಡುಗ್ರು ಈ ಸೆಟ್ಟಿಂಗ್ ತಾವ ತೆಗೀಬಾರ್ದಂದ್ರ ಇದೊಂದ ಸಾಲೂದಿಲ್ಲ. ಟ್ಯಾಬ್‌ದಾಗ ಮಗುವಿನ ಖಾತೆ ಫ್ಯಾಮಿಲಿ ಲಿಂಕ್‌ಗೆ ಸೇರಿಸಿ, ಅಲ್ಲೂ ಸೇಫ್‌ಸರ್ಚ್ ಫಿಲ್ಟರ್ ಮಾಡಿಡ್ರಿ. ಅದು ಖಾತೆಗೆ ಅಂಟಿದ್ದು, ಡಿಎನ್‌ಎಸ್ ಏನ ಬದಲಿಸಿದ್ರೂ ಹೋಗೂದಿಲ್ಲ.

ನಿಮ್ಮ ಫೋನ್‌ಗೆ ಉಲ್ಟಾ: ಪ್ರೈವೇಟ್ ಡಿಎನ್‌ಎಸ್ ಜಾಗದಾಗ 'ಡಿಎನ್‌ಎಸ್ ಡಾಟ್ ಗೂಗಲ್' ಅಂತ ಹಾಕ್ರಿ. ಆಟೋಮ್ಯಾಟಿಕ್ ಇಟ್ರ ಮನಿ ವೈಫೈದಾಗ ರೌಟರ್ ಹೇಳಿದ್ದನ್ನ ಕೇಳ್ತದ, ಬೀಗ ಮತ್ತ ಬರ್ತದ.